ಸಾಲಿನಲ್ಲಿ ನಿಲ್ಲದವರು

2024ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯ ಕ್ಷೇತ್ರದ ಮತದಾನ ಶೇ. 81 ದಾಟಿತು. ಅಲ್ಲಿಂದ ನೂರು ಕಿಲೋಮೀಟರ್ ದೂರದ ಬೆಂಗಳೂರು ದಕ್ಷಿಣದಲ್ಲಿ ಅದೇ ದಿನ ಮತ ಹಾಕಿದವರು ಶೇ. 53ರಷ್ಟು ಜನ. ಅದರ ಹಿಂದಿನ ವರ್ಷ ವಿಧಾನಸಭಾ ಚುನಾವಣೆಗೆ ಆಯೋಗ ಬೇಕೆಂದೇ ಬುಧವಾರವನ್ನು ಆರಿಸಿತ್ತು, ವಾರಾಂತ್ಯಕ್ಕೆ ರಜೆ ಸೇರಿಸಿಕೊಂಡು ನಗರದವರು ಪ್ರವಾಸ ಹೊರಡಬಾರದೆಂದು. ಆದರೂ ರಾಜ್ಯದ ಸರಾಸರಿ ಶೇ. 73 ದಾಟಿದರೆ ರಾಜಧಾನಿ 54ರ ಆಸುಪಾಸಿನಲ್ಲೇ ಉಳಿಯಿತು. ಇಂಥ ಅಂಕಿಗಳು ಬಂದ ಮರುದಿನ ಬೆಂಗಳೂರಿಗರಿಗೆ ಬೈಗುಳ ಖಾಯಂ. ನನಗೆ ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕೆನಿಸುವುದು ಬೇರೆ: ಮತ ಹಾಕದಿರುವುದು ತಪ್ಪೇ? ತಪ್ಪಾದರೆ, ಯಾರಿಗೆ ಮಾಡಿದ ತಪ್ಪು?

'ಇಪ್ಪತ್ತು ಲಕ್ಷ ಜನರಲ್ಲಿ ನನ್ನದೊಂದು ಮತದಿಂದ ಏನಾಗುತ್ತೆ?' ಎನ್ನುವವರು ಲೆಕ್ಕದಲ್ಲಿ ತಪ್ಪಿಲ್ಲ. 'ಎಲ್ಲರೂ ಹೀಗೇ ಅಂದುಕೊಂಡರೆ?' ಎಂಬ ನಮ್ಮ ಉತ್ತರ ಅಷ್ಟು ಗಟ್ಟಿಯಲ್ಲ. ಎಲ್ಲರೂ ಹಾಗೆ ಅಂದುಕೊಳ್ಳುವುದಿಲ್ಲ ಎಂದು ಅವರಿಗೂ ಗೊತ್ತು, ನಮಗೂ ಗೊತ್ತು. ಫಲಿತಾಂಶವನ್ನೇ ಅಳತೆಗೋಲಾಗಿ ಹಿಡಿದರೆ ಮತ ಹಾಕುವುದು ಕರ್ತವ್ಯವೆಂದು ಸಾಧಿಸುವುದು ಕಷ್ಟ.

ಆದರೆ ಆ ಲೆಕ್ಕವೇ ಜನರನ್ನು ನಡೆಸುವುದಾಗಿದ್ದರೆ, ಮತ ಹಾಕಲು ಹೆಚ್ಚು ಕಳೆದುಕೊಳ್ಳಬೇಕಾದವರು ಎಲ್ಲರಿಗಿಂತ ಮೊದಲು ಮನೆಯಲ್ಲಿ ಉಳಿಯಬೇಕಿತ್ತು. ಅಮೆರಿಕದಲ್ಲಿ ಹೆಚ್ಚು ಓದಿದವರು, ಹೆಚ್ಚು ಹಣವಿದ್ದವರು ಹೆಚ್ಚು ಮತ ಹಾಕುತ್ತಾರೆ. ನಮ್ಮಲ್ಲಿ ಪದವಿಗಳು ತುಂಬಿರುವ ನಗರವೇ ಹಿಂದೆ, ಹಳ್ಳಿ ಮುಂದೆ. ಹೆಂಗಸರ ವಿಷಯ ನೋಡಿ. 1962ರಲ್ಲಿ ದೇಶದ ಗಂಡಸರಲ್ಲಿ ಶೇ. 63 ಮಂದಿ ಮತ ಹಾಕಿದ್ದರೆ ಹೆಂಗಸರಲ್ಲಿ ಹಾಕಿದವರು ಶೇ. 47ಕ್ಕೂ ಕಡಿಮೆ. 2019ರ ಹೊತ್ತಿಗೆ ಅವರು ಗಂಡಸರನ್ನು ಕೂದಲೆಳೆಯಷ್ಟು ಹಿಂದೆ ಹಾಕಿದರು. ಆ ದಿನವೂ ಒಲೆ ಹಚ್ಚಿ, ನೀರು ಹಿಡಿದು, ಮಕ್ಕಳನ್ನು ನೋಡಿಕೊಂಡೇ ಬೂತಿಗೆ ಬಂದವರು ಅವರು.

ನಮ್ಮಜ್ಜಿ ಮೊಣಕಾಲು ನೋವಿನಲ್ಲೂ ಬೂತಿಗೆ ಹೋಗುತ್ತಿದ್ದಳು. ಯಾಕೆ ಎಂದು ಕೇಳಿದರೆ, 'ಹೋಗ್ದಿದ್ರೆ ಸತ್ತೋದ್ಲು ಅಂತ ಹೆಸರು ಹೊಡ್ದಾಕ್ತಾರೆ ಕಣಪ್ಪ' ಎನ್ನುತ್ತಿದ್ದಳು. ಕಾನೂನಿನ ಪ್ರಕಾರ ಅದು ನಿಜವಲ್ಲ, ಒಂದು ಸಲ ಮತ ಹಾಕದಿದ್ದರೆ ಯಾರೂ ಹೆಸರು ತೆಗೆಯುವುದಿಲ್ಲ. ಆದರೆ ಅವಳ ಮಾತಿನಲ್ಲಿ ಯಾರು ಗೆಲ್ಲುತ್ತಾರೆಂಬ ಯೋಚನೆಯೇ ಇರಲಿಲ್ಲ. ತಾನು ಲೆಕ್ಕದಲ್ಲಿದ್ದೇನೆ ಎಂಬುದಷ್ಟೇ ಇತ್ತು. ಊರ ಸಾಹುಕಾರನಿಗೂ ಒಂದೇ ಮತ, ಅವಳಿಗೂ ಒಂದೇ. ಹಾಗೆ ಎಣಿಸುವ ದಿನ ಅವಳ ಬದುಕಿನಲ್ಲಿ ಬೇರೊಂದಿರಲಿಲ್ಲ.

ಮತದಾನದ ನೈತಿಕ ತೂಕ ಇರುವುದು ಇಲ್ಲಿ ಎಂದು ನನಗನಿಸುತ್ತದೆ. ಸಾಲಿನಲ್ಲಿ ನಿಲ್ಲುವುದೆಂದರೆ 'ನಾನೂ ಇವರಂತೆಯೇ ಒಬ್ಬ, ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ' ಎಂದು ಒಪ್ಪಿಕೊಳ್ಳುವುದು. ನೀರಿಗೆ ಟ್ಯಾಂಕರ್, ಕರೆಂಟಿಗೆ ಜನರೇಟರ್, ಮಕ್ಕಳಿಗೆ ಖಾಸಗಿ ಶಾಲೆ ಇರುವ ಮನೆಗೆ ಸರ್ಕಾರ ಅಷ್ಟಾಗಿ ಬೇಕಾಗುವುದಿಲ್ಲ. ಬೇಕಾದಾಗ ಅಪಾರ್ಟ್‌ಮೆಂಟ್ ಸಂಘ ಇದೆ, ಪರಿಚಯದ ಅಧಿಕಾರಿ ಇದ್ದಾನೆ, ವಕೀಲರಿದ್ದಾರೆ. ಅಂಥವರು ಮತ ಹಾಕದಿದ್ದರೆ ಪ್ರಭಾವವನ್ನೇನೂ ಬಿಟ್ಟುಕೊಡುವುದಿಲ್ಲ. ತಮ್ಮ ತೂಕ ಒಂದೇ ಒಂದಾಗುವ ಕಡೆಗೆ ಮಾತ್ರ ಬರುವುದಿಲ್ಲ. ಅದು ಸರ್ಕಾರಕ್ಕೆ ಮಾಡಿದ ತಪ್ಪಲ್ಲ. ಸಾಲಿನಲ್ಲಿ ನಿಂತ ಮನೆಗೆಲಸದವಳಿಗೆ, ಗೇಟಿನ ಕಾವಲಿನವನಿಗೆ ಮಾಡಿದ್ದು.

ಬಾರದವರೆಲ್ಲ ಇಂಥವರೇ ಎಂದು ನಾನು ಹೇಳುತ್ತಿಲ್ಲ. ಶೇಕಡಾವಾರು ಎನ್ನುವುದು ಒಂದು ಭಾಗಾಕಾರ, ಗೆರೆಯ ಕೆಳಗಿರುವ ಪಟ್ಟಿ ಕೆಟ್ಟಿದ್ದರೆ ಉತ್ತರವೂ ಕೆಡುತ್ತದೆ. ನಗರದ ಪಟ್ಟಿಗಳಲ್ಲಿ ಮನೆ ಬದಲಿಸಿ ಹೋದ ಬಾಡಿಗೆದಾರರಿದ್ದಾರೆ, ತೀರಿಕೊಂಡವರಿದ್ದಾರೆ, ಎರಡೆರಡು ಸಲ ಬಂದ ಹೆಸರುಗಳಿವೆ. ಯಾದಗಿರಿ, ರಾಯಚೂರುಗಳಿಂದ ಬಂದು ಬೆಂಗಳೂರಿನಲ್ಲಿ ಕಟ್ಟಡ ಕಟ್ಟುವ ಕೂಲಿಯವನು ಊರಿನ ಪಟ್ಟಿಯಲ್ಲಿ ಗೈರುಹಾಜರು, ಇಲ್ಲಿನ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ದಿನಗೂಲಿಯವರಿಗೂ ಮತದಾನದ ದಿನ ಸಂಬಳದ ರಜೆ ಕೊಡಬೇಕೆಂದು 1951ರ ಜನಪ್ರತಿನಿಧಿ ಕಾಯಿದೆಯೇ ಹೇಳುತ್ತದೆ. ಆದರೆ ಮೇಸ್ತ್ರಿಯ ಬಾಯಿಮಾತಿನ ಮೇಲೆ ದುಡಿಯುವವನು ಆ ರಜೆಯನ್ನು ಯಾರ ಹತ್ತಿರ ಕೇಳಬೇಕು? ದೂರದಲ್ಲಿದ್ದೇ ಮತ ಹಾಕುವ ಯಂತ್ರವೊಂದನ್ನು ಆಯೋಗ 2022ರ ಕೊನೆಯಲ್ಲಿ ಮುಂದಿಟ್ಟಿತ್ತು. 2024ರಲ್ಲಿ ಅದು ಬಳಕೆಗೆ ಬರಲಿಲ್ಲ. ಇನ್ನು ವಿಚಾರಣೆ ಕಾಯುತ್ತಾ ಜೈಲಿನಲ್ಲಿರುವವರಿಗಂತೂ ಮತ ಹಾಕಲು ಕಾನೂನೇ ಬಿಡುವುದಿಲ್ಲ.

ರಸ್ತೆಗೋ ಕುಡಿಯುವ ನೀರಿಗೋ ಊರ ಬಾಗಿಲಲ್ಲಿ 'ಚುನಾವಣಾ ಬಹಿಷ್ಕಾರ' ಎಂದು ಬೋರ್ಡು ಕಟ್ಟುವ ಹಳ್ಳಿಯೂ ಬೇರೆ. ಅವರು ಒಟ್ಟಾಗಿ, ಎಲ್ಲರಿಗೂ ಕಾಣುವಂತೆ ನಿಂತು 'ನಮ್ಮನ್ನೂ ಲೆಕ್ಕಕ್ಕೆ ತಗೊಳ್ಳಿ' ಎನ್ನುತ್ತಾರೆ. ಮನೆಯಲ್ಲಿ ಮಲಗಿ ಮಾಡುವ ಬಹಿಷ್ಕಾರ ಯಾರಿಗೂ ಕಾಣುವುದಿಲ್ಲ. ಯಾರೂ ಹಿಡಿಸದವರಿಗೆ 2013ರಿಂದ ನೋಟಾ ಗುಂಡಿಯೂ ಇದೆ.

ನಗರಕ್ಕೂ ಅನ್ಯಾಯವಾಗಿದೆ ಎಂಬುದನ್ನು ಹೇಳಲೇಬೇಕು. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಕೆಲವರು ಕೋರ್ಟಿಗೆ ಹೋದರು, ಉಳಿದವರು ಸುಮ್ಮನಿದ್ದೆವು. ಮನೆ ಮುಂದಿನ ಚರಂಡಿಗೆ ಹೊಣೆಯಾದವರನ್ನು ಆರಿಸುವ ಹಕ್ಕು ಇಷ್ಟು ಸದ್ದಿಲ್ಲದೆ ಹೋಗಬಹುದಾದರೆ, ಅದನ್ನು ಕಿತ್ತುಕೊಳ್ಳುವವರಿಗೆ ನಮ್ಮ ಖಾಲಿ ಸಾಲುಗಳೇ ಧೈರ್ಯ ಕೊಟ್ಟಿರಬೇಕು.

ಆಸ್ಟ್ರೇಲಿಯದಲ್ಲಿ 1924ರಿಂದ ಮತದಾನ ಕಡ್ಡಾಯ. ನಮಗೆ ಅದು ಬೇಡವೆಂದೇ ನನ್ನ ಅಭಿಪ್ರಾಯ. ದಂಡದ ಹೊರೆ ಮೊದಲು ಬೀಳುವುದು ಆ ಕೂಲಿಯವನ ಮೇಲೆ. ಮುಂದಿನ ಚುನಾವಣೆಯ ಅಂಕಿ ಬಂದಾಗ ಎಷ್ಟು ಜನ ಬರಲಿಲ್ಲ ಎಂದು ಓದಿ ಮುಗಿಸುವ ಬದಲು, ಅವರಲ್ಲಿ ಬರಲಾಗದವರು ಎಷ್ಟು, ಬರಬೇಕೆನಿಸದವರು ಎಷ್ಟು ಎಂದು ಕೇಳೋಣ. ಮೊದಲನೆಯವರಿಗೆ ವ್ಯವಸ್ಥೆ ಉತ್ತರ ಕೊಡಬೇಕು. ಎರಡನೆಯವರು ಪಕ್ಕದ ಮನೆಯವರಿಗೆ.