ಗಬ್ಬೂರಿಗೊಂದು ಬಾಣದ ಗುರುತು

ಸ್ಪೇನಿನ ವಾಯವ್ಯ ಮೂಲೆಯ ಗುಡ್ಡದ ನೆತ್ತಿಯಲ್ಲಿ ಒ ಸೆಬ್ರೆಯ್ರೊ ಎಂಬ ಹಳ್ಳಿಯಿದೆ. ಹುಲ್ಲು ಹೊದಿಸಿದ ದುಂಡನೆಯ ಕಲ್ಲುಮನೆಗಳು, ಒಂದು ಹಳೆಯ ಚರ್ಚು. ಸಾಂತಿಯಾಗೊ ಕ್ಷೇತ್ರಕ್ಕೆ ನಡೆದು ಹೋಗುವವರ ದಾರಿ ಊರೊಳಗೇ ಹಾಯುತ್ತದೆ. ಒಂದು ಕಾಲಕ್ಕೆ ಜನ ಸಾಲುಗಟ್ಟಿ ನಡೆಯುತ್ತಿದ್ದ ಆ ದಾರಿ ಕಳೆದ ಶತಮಾನದ ಹೊತ್ತಿಗೆ ಎಷ್ಟೋ ಕಡೆ ಅಳಿಸಿಹೋಗಿತ್ತು. 1984ರಲ್ಲಿ ಆ ಊರಿನ ಪಾದ್ರಿ ಎಲಿಯಾಸ್ ವಾಲಿನ್ಯ ಹಳದಿ ಬಣ್ಣದ ಡಬ್ಬಿ ಹಿಡಿದು ಹೊರಟರು. ಕವಲು ಬಂದಲ್ಲೆಲ್ಲ ಮರಕ್ಕೋ ಬಂಡೆಗೋ ಒಂದು ಬಾಣ ಬರೆದರು. ಆಗ ವರ್ಷಕ್ಕೆ ಎರಡು ಸಾವಿರ ದಾಟದಿದ್ದ ಯಾತ್ರಿಕರು 2023ರಲ್ಲಿ ನಾಲ್ಕು ಲಕ್ಷ ದಾಟಿದರು. 1993ರಲ್ಲಿ ಯುನೆಸ್ಕೊ ಆ ದಾರಿಯನ್ನೇ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಬಣ್ಣವೊಂದರಿಂದಲೇ ಇಷ್ಟೆಲ್ಲ ಆಯಿತೆನ್ನಲಾಗದು. ಆದರೆ ಮೊದಲ ಕೆಲಸ ಬಣ್ಣದ್ದೇ.

ನಮ್ಮ ಗಬ್ಬೂರನ್ನು ನೋಡಿ. ರಾಯಚೂರಿನಿಂದ ದೇವದುರ್ಗದ ಬಸ್ಸು ಹತ್ತಿದವರಿಗೆಲ್ಲ ಈ ಊರು ಗೊತ್ತು. ಗೊತ್ತೆಂದರೆ, ಕಂಡಕ್ಟರ್ ‘ಗಬ್ಬೂರ್ ಇಳಿಯೋರು ಬರ್ರಿ’ ಎಂದು ಕೂಗುವುದು ಗೊತ್ತು, ಚಹಾದಂಗಡಿ ಗೊತ್ತು. ಹಿಂದೆ ಇದು ಹೆಸರಾಂತ ವಿದ್ಯಾಕೇಂದ್ರವಾಗಿತ್ತು, ಗೋಪುರಗ್ರಾಮ ಎನಿಸಿಕೊಂಡಿತ್ತು ಎಂಬುದು ಎಷ್ಟು ಜನಕ್ಕೆ ಗೊತ್ತು? ಈಶ್ವರ, ವೆಂಕಟೇಶ್ವರ, ಹನುಮಂತ, ಬಂಗಾರ ಬಸಪ್ಪ ಹೀಗೆ ಗುಡಿಗಳ ಮೇಲೆ ಗುಡಿಗಳು, ಜೊತೆಗೆ ಶಾಸನಗಳು. ಒಂದು ಹೋಬಳಿ ಊರಿಗೆ ಇದು ಸಣ್ಣ ಆಸ್ತಿಯಲ್ಲ. ಬಸ್ಸು ಮಾತ್ರ ಎರಡು ನಿಮಿಷ ನಿಂತು ಹೊರಡುತ್ತದೆ.

ದಾರಿಯ ಕಥೆ ಬರೆದಿಡುವುದು ನಮ್ಮ ಸೀಮೆಗೆ ಹೊಸದೇನಲ್ಲ. ರಾಯಚೂರು ಕೋಟೆಯ ಗೋಡೆಯಲ್ಲಿ ನಲವತ್ತೊಂದು ಅಡಿಗೂ ಮಿಕ್ಕ ಉದ್ದದ ಒಂದೇ ಕಲ್ಲಿದೆ. ಕಾಕತೀಯರ ಕಾಲದಲ್ಲಿ ಗೋರೆ ಗನ್ನಯ್ಯ ರೆಡ್ಡಿ ಈ ಕೋಟೆ ಕಟ್ಟಿಸಿದನೆಂದು 1294ರ ಶಾಸನ ಅದರ ಮೇಲಿದೆ. ಅಂಥ ಕಲ್ಲನ್ನು ಬಂಡಿಗೆ ಹೇರಿ, ಸಾಲುಸಾಲು ಕೋಣ ಹೂಡಿ ಎಳೆದು ತಂದ ಚಿತ್ರವನ್ನೂ ಅಲ್ಲಿಯೇ ಕೆತ್ತಿದ್ದಾರೆ. ಕೋಟೆ ಕಟ್ಟಿಸಿದವನ ಹೆಸರಿನೊಡನೆ ಕಲ್ಲು ಬಂದ ಬಗೆಗೂ ಗೋಡೆಯಲ್ಲಿ ಜಾಗ ಸಿಕ್ಕಿತು. ನನಗೆ ಶಾಸನಕ್ಕಿಂತ ಆ ಕೋಣಗಳೇ ಹೆಚ್ಚು ಇಷ್ಟ.

ಮಸ್ಕಿಯದು ಇನ್ನೊಂದು ಬಗೆ. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನದ ಅದಿರು ಹುಡುಕುತ್ತ ಬಂದು ಗುಡ್ಡದ ಬಂಡೆಯ ಮೇಲೆ ಬರಹ ಕಂಡ. ‘ದೇವಾನಾಂಪ್ರಿಯ’ ಎಂದಷ್ಟೇ ಕರೆದುಕೊಳ್ಳುತ್ತಿದ್ದ ದೊರೆ ಅಶೋಕನೇ ಎಂಬುದಕ್ಕೆ ಶಿಲೆಯ ಸಾಕ್ಷಿ ಸಿಕ್ಕಿದ್ದು ಅಲ್ಲಿ. ಆ ಬಂಡೆ ಸುತ್ತಲಿನ ಕುರಿಗಾಹಿಗಳಿಗೆ ಹೊಸದಾಗಿರಲಿಕ್ಕಿಲ್ಲ. ಅವರನ್ನು ಕೇಳಿದವರಿರಲಿಲ್ಲ, ಅಷ್ಟೆ. ಮೊಸರಕಲ್ಲಿನ ಗೋಪಾಲದಾಸರು, ಚೀಕಲಪರ್ವಿಯ ವಿಜಯದಾಸರು, ಬ್ಯಾಗವಾಟದ ಜಗನ್ನಾಥದಾಸರು ನಡೆದಾಡಿದ ಹಳ್ಳಿಗಳೂ ಇದೇ ಸೀಮೆಯವು.

ನಮ್ಮಲ್ಲಿ ಬಣ್ಣಕ್ಕೇನೂ ಬರವಿಲ್ಲ. ರಸ್ತೆ ಬದಿಯ ಗೋಡೆಗಳನ್ನು ನೋಡಿ: ಸಿಮೆಂಟು, ಹತ್ತಿಬೀಜ, ಕ್ರಿಮಿನಾಶಕ, ಮೊಬೈಲು. ಬೀಜದ ಕಂಪನಿಗೆ ಗೊತ್ತಿರುವ ಗುಟ್ಟು ಪಂಚಾಯಿತಿಗೆ ಏಕೆ ಗೊತ್ತಿಲ್ಲವೋ! ಗುಡಿಗಳ ಜೀರ್ಣೋದ್ಧಾರ ದೊಡ್ಡ ಮಾತು, ಅದಕ್ಕೆ ಇಲಾಖೆ, ಅನುದಾನ, ಟೆಂಡರು ಬೇಕು. ಆ ನೆಪದಲ್ಲಿ ಸಣ್ಣ ಕೆಲಸವೂ ನಿಂತುಬಿಡುತ್ತದೆ. ಬಸ್ ನಿಲ್ದಾಣದಿಂದ ಯಾವ ಗುಡಿ ಎತ್ತ, ಎಷ್ಟು ಹೆಜ್ಜೆ, ಯಾವ ಕಾಲದ್ದು ಎಂದು ಊರ ಶಾಲೆಯ ಮಕ್ಕಳೇ ಬರೆಯಬಹುದು. ಬರೆಯುವ ಮೊದಲು ಅವರು ಹೋಗಿ ನೋಡಬೇಕಾಗುತ್ತದೆ, ಹಿರಿಯರನ್ನು ಕೇಳಬೇಕಾಗುತ್ತದೆ. ಅದೇ ಅರ್ಧ ಪಾಠ.

ನಡೆಯುವವರು ಎಲ್ಲಿದ್ದಾರೆ ಎಂದು ಯಾರಾದರೂ ಕೇಳಿಯಾರು. ಯುಗಾದಿಗೆ ಮುಂಚೆ ಕಂಬಿ ಹೊತ್ತು, ಮಲ್ಲಯ್ಯನನ್ನು ನೆನೆಯುತ್ತ ಶ್ರೀಶೈಲಕ್ಕೆ ಹೊರಟವರು ವರ್ಷವರ್ಷವೂ ನಮ್ಮ ಜಿಲ್ಲೆ ಹಾಯುತ್ತಾರೆ. ದಾರಿಯುದ್ದಕ್ಕೂ ಜನ ಶಾಮಿಯಾನ ಹಾಕಿ ಊಟ, ಮಜ್ಜಿಗೆ ಕೊಡುತ್ತಾರೆ, ಕಾಲೊತ್ತುತ್ತಾರೆ. ಮಜ್ಜಿಗೆಯ ಲೋಟದ ಜೊತೆ, ‘ಇಲ್ಲೊಂದು ಹಳೇ ಗುಡಿ ಐತ್ರಿ, ನೋಡ್ಕೊಂಡು ಹೋಗ್ರಿ’ ಎಂದರೆ ಅವರೇನೂ ಬೇಡ ಎನ್ನಲಾರರು.