ವೃಕ್ಷದಾನವೂ ಪಾತ್ರವಿಚಾರವೂ

ಕೆರೆಯನ್ನು ಕಟ್ಟಿಸಿದವನೂ ಸಾಲುಮರಗಳನ್ನು ನೆಡಿಸಿದವನೂ ಲೋಕದಲ್ಲಿ ಸಮಾನವಾಗಿ ಕೊಂಡಾಡಲ್ಪಡುವರು. ವೃಕ್ಷಾರೋಪಣವು ಪುಣ್ಯಕಾರ್ಯವೆಂಬುದರಲ್ಲಿ ವಿವಾದವಿಲ್ಲ. ಆದರೆ ಒಂದೆಡೆ ಪುಣ್ಯವೆನಿಸಿದ ಕರ್ಮವು ಸ್ಥಳವನ್ನೆಣಿಸದೆ ಎಲ್ಲೆಡೆಯಲ್ಲಿಯೂ ಪುಣ್ಯವೇ ಆಗಿರುವುದೋ ಎಂಬುದು ವಿಚಾರಿಸತಕ್ಕ ವಿಷಯವು. ಮಳೆ ಕಡಮೆಯಾಗಿ, ಹುಲ್ಲೂ ಮುಳ್ಳುಕಂಟಿಯೂ ಮಾತ್ರ ಬೆಳೆಯುವ ಬಯಲನ್ನು ಕಂಡೊಡನೆ, ‘ಇದು ಪಾಳು, ಇಲ್ಲಿ ಕಾಡು ಬೆಳೆಸಿದರೆ ನೆಲಕ್ಕೆ ಉದ್ಧಾರ’ ಎನ್ನುವವನು ಸದ್ಭಾವದಿಂದಲೇ ಹಾಗೆನ್ನುವನು. ಆ ಸದ್ಭಾವವೊಂದೇ ಸಾಲುವುದೆ?

ಪೂರ್ವಿಕರು ಇಂತಹ ನೆಲವನ್ನು ಪಾಳೆಂದು ಎಣಿಸಿರಲಿಲ್ಲ. ಚರಕಸಂಹಿತೆಯು ದೇಶವನ್ನು ಜಾಂಗಲ, ಆನೂಪ, ಸಾಧಾರಣವೆಂದು ವಿಭಾಗಿಸಿ, ನೀರೂ ಮರವೂ ಸ್ವಲ್ಪವಾಗಿ, ಗಾಳಿಬಿಸಿಲುಗಳು ವಿಪುಲವಾಗಿರುವ ಜಾಂಗಲದೇಶದಲ್ಲಿ ರೋಗಗಳು ಅತ್ಯಲ್ಪವೆಂದು ಹೇಳುವುದು. ಅದೇ ಶಬ್ದವು ಇಂಗ್ಲಿಷರ ಬಾಯಿಗೆ ಬಿದ್ದು ದಟ್ಟಡವಿಯ ಹೆಸರಾದುದು ವಿಪರ್ಯಾಸವೇ ಸರಿ. ಕೃಷ್ಣಮೃಗವು ಸಹಜವಾಗಿ ಸಂಚರಿಸುವ ದೇಶವೇ ಯಜ್ಞಕ್ಕೆ ಯೋಗ್ಯವೆಂದು ಮನುಸ್ಮೃತಿಯು ವಿಧಿಸಿತು. ಆ ಮೃಗವಾದರೋ ದಟ್ಟವಾದ ಕಾಡಿನದಲ್ಲ. ದೂರದೃಷ್ಟಿಯನ್ನೂ ಓಟವನ್ನೂ ನಂಬಿ ಬದುಕುವ ಬಯಲಿನ ಪ್ರಾಣಿ.

ಒಣಬಯಲು ಬರಿದಾಗಿ ತೋರುವುದು ನೋಡುವವನ ಕಣ್ಣಿಗೆ ಮಾತ್ರ. ಬೇಸಗೆಯಲ್ಲಿ ಸತ್ತಂತಿರುವ ಹುಲ್ಲಿನ ಜೀವವು ಬೇರಿನಲ್ಲಿ ಅಡಗಿದ್ದು ಮೊದಲ ಮಳೆಗೆ ಚಿಗುರುವುದು. ಆ ಬೇರುಗಳ ಹೆಣಿಗೆಯೇ ಮಣ್ಣನ್ನು ಗಾಳಿಗೆ ಹಾರದಂತೆ ಹಿಡಿದಿಡುವುದು. ತೋಳವೂ ನರಿಯೂ ಉಡವೂ ಕಂಟಿಗಳ ಮರೆಯಲ್ಲಿ ಬಾಳುವುವು. ಸುಮಾರು ಒಂದು ಮೀಟರು ಎತ್ತರದ ಎರೆಭೂತವೆಂಬ ಹಕ್ಕಿಯು ಗೂಡು ಕಟ್ಟದೆ, ಬರಿನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯನ್ನಿಟ್ಟು, ಸುತ್ತಣ ಬಯಲನ್ನು ನೋಡುತ್ತ ಕಾವು ಕೊಡುವುದು. ಮರಗಳು ಒತ್ತಾಗಿ ಬಂದರೆ ಶತ್ರುವು ಕಾಣಿಸದು; ಇತರರಿಗೆ ತಂಪಾದ ನೆರಳೇ ಅದಕ್ಕೆ ಅಪಾಯವು. ಇಂದು ಬಯಲುಗಳಲ್ಲಿ ಸ್ವಚ್ಛಂದವಾಗಿ ಉಳಿದಿರುವ ಎರೆಭೂತಗಳು ಸುಮಾರು 150 ಮಾತ್ರವೆಂದು ಅಂದಾಜು. ಅವುಗಳಲ್ಲಿ ಬಹುಪಾಲು ರಾಜಸ್ಥಾನದ ಮರುಭೂಮಿಯಲ್ಲಿವೆ.

ಉದ್ದೇಶವು ಒಳ್ಳೆಯದಿದ್ದೂ ಫಲವು ಕೆಟ್ಟುದಕ್ಕೆ ನಿದರ್ಶನವನ್ನು ದೂರ ಹುಡುಕಬೇಕಾಗಿಲ್ಲ. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನ ಬಳಿ 119 ಚದರ ಕಿಲೋಮೀಟರು ಪ್ರದೇಶವು 1974ರಲ್ಲಿ ಕೃಷ್ಣಮೃಗಧಾಮವೆಂದು ಘೋಷಿತವಾಯಿತು. ಆದರೆ ಆ ಕುರುಚಲು ನೆಲದ ಬಹುಭಾಗವನ್ನು ನೀಲಗಿರಿಯ ತೋಪುಗಳು ಆವರಿಸಿದುವು. ಜಿಂಕೆಗಳೇನೋ ಉಳಿದುವು, ಆದರೆ ಸುತ್ತಣ ಹೊಲಗಳಿಗೆ ನುಗ್ಗಿ ಬೆಳೆಯನ್ನು ಮೇಯ್ದು ರೈತನ ವೈರವನ್ನು ಕಟ್ಟಿಕೊಂಡುವು. ಹಿಂದೆ ಅಲ್ಲಿ ಕಾಣುತ್ತಿದ್ದ ಎರೆಭೂತವು ಈಗ ಕಾಣದು. ಅಂತರ್ಜಲದ ಹಿತವನ್ನೆಣಿಸಿ 2017ರಲ್ಲಿ ಕರ್ನಾಟಕ ಸರ್ಕಾರವು ಹೊಸದಾಗಿ ನೀಲಗಿರಿಯನ್ನು ನೆಡುವುದನ್ನು ನಿಷೇಧಿಸಿತು. ಉತ್ತರದಲ್ಲಿ ಕಚ್ಛದ ವಿಸ್ತಾರವಾದ ಹುಲ್ಲುಗಾವಲಿನ ಕಥೆಯೂ ಇಂತಹದೇ. ಉಪ್ಪುನೆಲವು ಮುಂದುವರಿಯದಿರಲೆಂದು 1960ರ ದಶಕದ ಆದಿಯಲ್ಲಿ, ಅಮೆರಿಕಾ ಖಂಡದ ಮೂಲದ ಬಳ್ಳಾರಿ ಜಾಲಿಯನ್ನು ಅಲ್ಲಿ ಹಾಕಿದರು. ಅದು ಹುಲ್ಲನ್ನು ನುಂಗಿ ಹಬ್ಬಿತು. ಎಮ್ಮೆದನಗಳನ್ನೇ ನಂಬಿದ ದನಗಾಹಿಗಳ ಮೇವು ಕ್ಷೀಣಿಸಿತು. ಕೇಡನ್ನು ಬಯಸಿದವರು ಇವರಲ್ಲಿ ಯಾರೂ ಇಲ್ಲ.

ಬಡವರಿಗೆ ಸೌದೆ ಬೇಡವೆ, ನೆರಳು ಬೇಡವೆ ಎಂದು ಆಕ್ಷೇಪಿಸಬಹುದು. ಬೇಕು. ಬಳ್ಳಾರಿ ಜಾಲಿಯ ಇದ್ದಲನ್ನು ಮಾರಿ ಹೊಟ್ಟೆ ಹೊರೆಯುವವರೂ ಇದ್ದಾರೆ. ಹಬ್ಬಿದುದನ್ನು ಕೀಳುವುದಾದರೆ ಅವರಿಗೆ ಬೇರೊಂದು ದಾರಿಯನ್ನು ತೋರಿಯೇ ಕೀಳಬೇಕು. ಆದರೆ ಈ ಆಕ್ಷೇಪಕ್ಕೆ ಸಮಾಧಾನವನ್ನು ಮರುಭೂಮಿಯೇ ಹೇಳುವುದು. ಥಾರಿನ ರೈತನು ಹೊಲದ ನಡುವೆ ಖೇಜಡಿ ಮರಗಳನ್ನು ಅಲ್ಲಲ್ಲಿ ಉಳಿಸಿಕೊಂಡು ಅವುಗಳ ಅಡಿಯಲ್ಲಿಯೇ ಸಜ್ಜೆಯನ್ನು ಬಿತ್ತುವನು. ಅದರ ಸೊಪ್ಪು ಮೇವಿಗೆ, ಕಾಯಿ ಅಡಿಗೆಗೆ, ಕೊಂಬೆ ಒಲೆಗೆ. ವಿಜಯದಶಮಿಯಂದು ಕನ್ನಡಿಗರು ಪೂಜಿಸುವ ಬನ್ನಿಯೇ ಅದು. 1730ರಲ್ಲಿ ಜೋಧಪುರದ ಸಮೀಪದ ಖೇಜಡಲಿಯಲ್ಲಿ ಅರಸನ ಆಳುಗಳು ಆ ಮರಗಳನ್ನು ಕಡಿಯಬಂದಾಗ, ಅಮೃತಾದೇವಿಯೇ ಮೊದಲಾದ 363 ಮಂದಿ ಬಿಷ್ಣೋಯಿಗಳು ಅವನ್ನು ತಬ್ಬಿ ನಿಂತು ಪ್ರಾಣವನ್ನಿತ್ತರೆಂದು ಪ್ರತೀತಿ. ಅವರು ಕಾಪಾಡಿದುದು ಆ ನೆಲವೇ ಹೆತ್ತ, ದೂರದೂರ ನಿಂತು ಬಯಲನ್ನು ಬಯಲಾಗಿಯೇ ಇರಗೊಡುವ ಮರವನ್ನು. ಹೀಗಿರಲು ವೃಕ್ಷಪ್ರೀತಿಗೂ ಬಯಲಿನ ರಕ್ಷಣೆಗೂ ವಿರೋಧವೆಲ್ಲಿಯದು?

ಗೀತೆಯ ಹದಿನೇಳನೆಯ ಅಧ್ಯಾಯವು ದೇಶ, ಕಾಲ, ಪಾತ್ರಗಳನ್ನರಿತು, ಪ್ರತಿಫಲವನ್ನು ಬಯಸದೆ ಕೊಟ್ಟ ದಾನವನ್ನು ಸಾತ್ತ್ವಿಕವೆಂದೂ, ತಕ್ಕುದಲ್ಲದ ದೇಶಕಾಲಗಳಲ್ಲಿ ಅಪಾತ್ರನಿಗೆ ಕೊಟ್ಟುದನ್ನು ತಾಮಸವೆಂದೂ ವಿಂಗಡಿಸುವುದು. ಕೊಡುವವನ ಮನಸ್ಸು ನಿರ್ಮಲವಾಗಿದ್ದ ಮಾತ್ರಕ್ಕೆ ದಾನವು ಸಾರ್ಥಕವಾಗದು. ಜ್ವರ ಬಂದವನಿಗೆ ಹೋಳಿಗೆ ಬಡಿಸುವುದು ಉಪಚಾರವಲ್ಲ. ವೃಕ್ಷವನ್ನು ನೆಡುವುದು ದಾನವಾದರೆ ಅದನ್ನು ಸ್ವೀಕರಿಸುವ ನೆಲವೇ ಪಾತ್ರವು. ಆದುದರಿಂದ ಸಸಿಯನ್ನು ಹಿಡಿದು ಹೊರಡುವವನು, ಆ ನೆಲದಲ್ಲಿ ಈಗಾಗಲೇ ಬಾಳುತ್ತಿರುವವರು ಯಾರು, ಅವರಿಗೆ ಏನು ಬೇಕು ಎಂಬುದನ್ನು ಮೊದಲು ವಿಚಾರಿಸಲಿ. ಹುಲ್ಲೇ ಆ ನೆಲದ ಸ್ವಧರ್ಮವೆಂದು ತಿಳಿದುಬಂದರೆ, ಸಸಿಯನ್ನು ನೆಡದೆ ಹಿಂದಿರುಗುವುದೂ ಪುಣ್ಯವೇ.