ಮುಚ್ಚಳದೊಳಗಿನ ಸತ್ಯ

ಕಾಣುವ ಕಡೆ ಸತ್ಯವಿದ್ದರೆ ಸಾಕೋ, ಕಾಣದ ಕಡೆಯೂ ಇರಬೇಕೋ? ಹಳೆಯ ಕೈಗಡಿಯಾರವೊಂದು ಈ ಪ್ರಶ್ನೆಗೆ ಉತ್ತರ ಹೇಳಬಲ್ಲುದು.

1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಕಾರದಿಂದ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಗಡಿಯಾರಗಳ ಕಾರ್ಖಾನೆ ಸ್ಥಾಪಿತವಾಯಿತು. ಆ ವಾಚು ಕಂಪನಿಯನ್ನು ಮುಚ್ಚಲು ಕೇಂದ್ರ ಸರಕಾರವು 2016ರಲ್ಲಿ ನಿರ್ಧರಿಸಿತಾದರೂ, ‘ಜನತಾ’ದಂತಹ ಕೀಲಿ ಕೊಡುವ ಹಳೆಯ ಗಡಿಯಾರಗಳು ಇಂದಿಗೂ ಕೈಯಿಂದ ಕೈಗೆ ಮಾರಾಟವಾಗುತ್ತಿವೆ.

ಇಂತಹ ಗಡಿಯಾರವು ದಿನಕ್ಕೆ ಹಲವು ನಿಮಿಷ ಮುಂದೆ ಓಡತೊಡಗಿದರೆ, ಒಳಗಿನ ಕೂದಲೆಳೆಯಂತಹ ಸುರುಳಿಯ ಸುತ್ತುಗಳು ಎಣ್ಣೆ ತಗುಲಿಯೋ ಕಾಂತದ ಸೋಂಕಿನಿಂದಲೋ ಒಂದಕ್ಕೊಂದು ಅಂಟಿರುವುದುಂಟು. ಅಂಟಿದ ಸುರುಳಿಯು ಗಿಡ್ಡಾದಂತೆಯೇ ಸರಿ. ಸೆಕೆಂಡಿಗೆ 5 ಸಲ ಮಿಡಿಯಬೇಕಾದ ಚಕ್ರವು ಆಗ ಅವಸರಪಡುತ್ತದೆ. ವೇಗ ಹೊಂದಿಸುವ ಸಣ್ಣ ಕಡ್ಡಿಯನ್ನು ತುಸು ಸರಿಸಿದರೆ ನಾಲ್ಕು ದಿನ ವೇಳೆ ಸರಿಯಾಗಿ ಕಂಡೀತು, ರೋಗ ಹೋಗದು. ಬಿಚ್ಚಿ, ತೊಳೆದು, ಕಾಂತವನ್ನು ಕಳೆದು, ಅಚ್ಚುಗಳಿಗೆ ಬೇಕಾದಷ್ಟೇ ಎಣ್ಣೆ ಮುಟ್ಟಿಸುವುದು ನಿಜವಾದ ದುರಸ್ತಿ.

ಮುಚ್ಚಳ ಹಾಕಿದ ಮೇಲೆ ಇವೆರಡರ ಭೇದವು ಗಿರಾಕಿಗೆ ತಿಳಿಯದು. ತಿಳಿಯದಲ್ಲಿಯೂ ಪೂರ್ಣವಾಗಿ ಮಾಡಿದುದೇ ಕಾಯಕ. ಉಳಿದುದು ಬರಿಯ ಸಂಪಾದನೆ. ಅಂತೆಯೇ, ದೋಷವನ್ನು ಹೇಳಿ ಕಡಿಮೆ ಬೆಲೆಗೆ ಮಾರುವುದು ವ್ಯಾಪಾರ; ಮುಖಕ್ಕೆ ಹೊಸ ಬಣ್ಣ ಬಳಿದು ಹೊಸದೆಂದು ಮಾರುವುದು ಕಳವು.

ಕೊಳ್ಳುವ ಗೃಹಸ್ಥನಿಗೂ ಇದರಲ್ಲಿ ಪಾಲುಂಟು. “ಹೇಗಾದರೂ ಸರಿ, ಅಗ್ಗವಾಗಿ ನಡೆಸಿಕೊಡು” ಎನ್ನುವವನು ಆ ಕಡ್ಡಿಯನ್ನು ತಾನೇ ಸರಿಸಿದಂತಾಯಿತು. ತೊಳೆಯುವ ಶ್ರಮಕ್ಕೆ ತಕ್ಕ ಕೂಲಿ ಕೊಡುವವನೇ ಪ್ರಾಮಾಣಿಕ ದುರಸ್ತಿಯನ್ನು ಕೇಳಲು ಅರ್ಹನು.